ಮೂರನೇ ಚರಣದ ಆ ದನಿ

"ಯಾರ್ರೀ ಆ ಕತ್ತೆ? ಸಿಕ್ಕರೆ ಹೇಳಿ, ಬಾಯಿಗೆ ಹುಲ್ಲು ತುರುಕ್ತೀನಿ."

ಹಾಡುಗಾರ್ತಿ ಅಕ್ಕನ ಹೊಸ ಕಛೇರಿಯ ರೆಕಾರ್ಡಿಂಗ್ ಕೆಳಗೆ ಒಬ್ಬ ಅಭಿಮಾನಿ ಹೀಗೆ ಬರೆದಿದ್ದ. ಅವನ ಕೆಳಗೆ ಇನ್ನೊಬ್ಬರು, "ಇಡೀ ಕಛೇರಿ ಅಮೃತ. ಕೊನೇ ಹಾಡಿನ ಮೂರನೇ ಚರಣದಲ್ಲಿ ಯಾವನೋ ಆ ಅಮೃತಕ್ಕೆ ಉಗುಳಿದ್ದಾನೆ" ಎಂದಿದ್ದರು. ಮತ್ತೊಬ್ಬರು ಸ್ವಲ್ಪ ಸಭ್ಯರು. "ಈ ವಯಸ್ಸಲ್ಲೂ ಅಕ್ಕನ ದನಿ ಹೀಗಿದೆಯಲ್ಲ ಅಂತ ಕಣ್ಣು ಒರೆಸಿಕೊಳ್ಳೋ ಹೊತ್ತಿಗೆ ಸರಿಯಾಗಿ ಆ ಮಹಾಶಯ ಬಾಯಿ ತೆಗೆದ" ಎಂದು ಬರೆದಿದ್ದರು.

ನಾನು ಹೊಲಿಗೆ ಯಂತ್ರದ ಮೇಲೆ ಫೋನು ಒರಗಿಸಿಕೊಂಡು ಇದನ್ನೆಲ್ಲ ಓದುತ್ತಿದ್ದೆ. ಆ ಕತ್ತೆ ನನ್ನ ಎದುರಿನ ಸ್ಟೂಲಿನ ಮೇಲೆ ಕೂತು ಗಿರಾಕಿಯೊಬ್ಬರ ಕೋಟಿನ ಹಳೇ ಗುಂಡಿಗಳನ್ನು ಬಿಚ್ಚುತ್ತಿತ್ತು. ನನ್ನ ಯಜಮಾನರು.

"ಇನ್ನೂ ಇದೆಯಾ?" ಎಂದು ಕೇಳಿದರು, ತಲೆ ಎತ್ತದೆ.

"ಬೇಕಾದಷ್ಟಿದೆ. ನಿಮ್ಮ ಅಭಿಮಾನಿಗಳು ಅಕ್ಕನಿಗಿಂತ ಜಾಸ್ತಿ ಆಗಿದ್ದಾರೆ."

ನಗಲಿಲ್ಲ. ನನ್ನ ಮಾತಿಗೆ ನಗದೇ ಇರುವ ಮನುಷ್ಯ ಅಲ್ಲ ಅವರು. ಆಗಲೇ ನನಗೆ ಇದು ಮೈಮೇಲೆ ಬಿದ್ದ ಧೂಳಲ್ಲ, ಕಣ್ಣಿಗೆ ಬಿದ್ದ ಧೂಳು ಎಂದು ಗೊತ್ತಾದದ್ದು.

ಯಜಮಾನರು ಬಸ್ ಕಂಡಕ್ಟರ್ ಆಗಿದ್ದವರು. ನಿವೃತ್ತಿಯಾದ ಮೇಲೆ ನನ್ನ ಅಂಗಡಿಯಲ್ಲಿ ಗುಂಡಿ ಬಿಚ್ಚುವುದು, ಹೊಲಿಗೆ ಬಿಡಿಸುವುದು, ಜಿಪ್ಪಿಗೆ ಮೇಣ ಸವರುವುದು ಅವರ ಕೆಲಸ. ನಮ್ಮದು ಹೊಸ ಬಟ್ಟೆ ಹೊಲಿಯುವ ಅಂಗಡಿಯಲ್ಲ. ಉದ್ದವಾದದ್ದನ್ನು ಗಿಡ್ಡ ಮಾಡುವುದು, ಬಿಗಿಯಾದದ್ದನ್ನು ಸಡಿಲ ಮಾಡುವುದು, ಹರಿದದ್ದಕ್ಕೆ ತೇಪೆ ಹಾಕುವುದು. ಅಕ್ಕನ ಹಾಡೆಂದರೆ ಅವರಿಗೆ ಮದುವೆಗೆ ಮುಂಚಿನಿಂದಲೂ ಪ್ರಾಣ. ಅಜ್ಜಿಯ ವಯಸ್ಸಾದರೂ ಅಭಿಮಾನಿಗಳಿಗೆ ಆಕೆ ಅಕ್ಕನೇ. ನನಗೆ ಮಾತ್ರ ಸವತಿ. ಹಾಗೆಂದು ಎದುರಿಗೇ ಹೇಳಿ ಎಷ್ಟೋ ಸಲ ನಗಿಸಿದ್ದೇನೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅನ್ನುತ್ತಾರಲ್ಲ, ಆ ಕೋಣ ನಾನು. ಯಾವ ರಾಗವೂ ನನಗೆ ಯಂತ್ರದ ಸದ್ದಿನ ಮೇಲೆ ಕೇಳಿಸುವುದಿಲ್ಲ.

ಆದರೂ ಆ ಕಛೇರಿಗೆ ನಾನೂ ಹೋಗಿದ್ದೆ. ನನ್ನಿಂದಾಗಿಯೇ ತಡವಾಯಿತು. ಅಭಿಮಾನಿ ಬಳಗದವರು ಹಿಡಿದಿಟ್ಟಿದ್ದ ಸಾಲು ತುಂಬಿಹೋಗಿತ್ತು. ನಾವಿಬ್ಬರೂ ವೇದಿಕೆಯ ಎಡಮೂಲೆಯಲ್ಲಿ, ದೊಡ್ಡ ಸ್ಪೀಕರಿನ ಹಿಂಬದಿಯಲ್ಲಿ ಕೂತೆವು. ಕತ್ತಲು ಬೇರೆ. ಅಲ್ಲಿಂದ ಹಾಡು ಚೆನ್ನಾಗಿ ಕೇಳಿಸುತ್ತಿರಲಿಲ್ಲ, ಆದರೆ ಅಕ್ಕನ ಕೈ ಚೆನ್ನಾಗಿ ಕಾಣುತ್ತಿತ್ತು. ದರ್ಜಿಯ ಕಣ್ಣು, ಹೋಗುವುದೇ ಬಟ್ಟೆಯ ಕಡೆಗೆ. ಶಾಲಿನ ಅಂಚನ್ನು ಯಾರೋ ಅವಸರದಲ್ಲಿ ಮಡಚಿ ಹೊಲಿದಿದ್ದರು.

ಕೊನೆಗೆ ಎಲ್ಲರೂ ಕಾದಿದ್ದ ಹಾಡು ಬಂತು. ದೀಪ ಆರಿಸದೆ ಮನೆ ಬಿಟ್ಟು ಬಂದವಳ ಹಾಡು. ಎರಡು ಚರಣ ಆಯಿತು, ನಡುವಿನ ವಾದ್ಯ ಮುಗಿಯಿತು, ಅಕ್ಕ ಮೈಕು ಬಾಯಿಗೆ ತಂದರು, ಉಸಿರು ತೆಗೆದುಕೊಂಡರು. ಹಾಡಲಿಲ್ಲ. ವಾದ್ಯದವರು ಇನ್ನೊಂದು ಸುತ್ತು ಬಾರಿಸಿದರು. ಅಕ್ಕನ ಎಡಗೈ ಶಾಲಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಿತು, ಬಿಚ್ಚಿತು, ಮತ್ತೆ ಸುತ್ತಿಕೊಂಡಿತು. ಮುಖದಲ್ಲಿ ನಗು ಹಾಗೇ ಇತ್ತು. ಕೈ ಮಾತ್ರ ದಾರಿ ತಪ್ಪಿದ ಮಗುವಿನ ಕೈಯಾಗಿತ್ತು.

ಆಗ ನನ್ನ ಪಕ್ಕದಿಂದ ಬಂತು:

"ತಿರುವು ದಾಟಿದ ಮೇಲೆ ನೆನಪಾಯಿತು ನನಗೆ..."

ಕಂಡಕ್ಟರ್ ಗಂಟಲು. ತುಂಬಿದ ಬಸ್ಸಿನ ಹಿಂಬಾಗಿಲಿನಿಂದ ಡ್ರೈವರ್ ಕಿವಿಗೆ ಮುಟ್ಟಿಸಿದ ಗಂಟಲು. ಜೋರಾಗಿ ಕೂಗಿದ್ದೇನೂ ಅಲ್ಲ, ಆದರೆ ಹೋಗಬೇಕಾದ ಕಡೆಗೆ ಹೋಯಿತು. ಅಕ್ಕ ಕತ್ತಲಿನ ಕಡೆ ಒಮ್ಮೆ ತಿರುಗಿದರು, ಅದೇ ಸಾಲನ್ನು ಎತ್ತಿಕೊಂಡರು, ಕೊನೆಯವರೆಗೂ ಹಾಡಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಮನೆಗೆ ಬರುವಾಗ ಬಸ್ಸಿನಲ್ಲಿ ಯಜಮಾನರು ನನ್ನ ಕೈ ಹಿಡಿದುಕೊಂಡು ಹೇಳಿದರು, "ಯಾರಿಗೂ ಹೇಳ್ಬೇಡ ಕಣೇ. ಮರೆತರು ಅಂತ ಒಬ್ಬರ ಬಾಯಿಗೆ ಬಿದ್ದರೆ ಸಾಕು. ಆಮೇಲೆ ಜನ ಹಾಡು ಕೇಳೋಕೆ ಬರಲ್ಲ, ಯಾವಾಗ ಮರೀತಾರೆ ಅಂತ ನೋಡೋಕೆ ಬರ್ತಾರೆ."

ಹೇಳಲಿಲ್ಲ. ಆದರೆ ರೆಕಾರ್ಡಿಂಗ್ ಹೊರಬಂತು.

ಬಳಗ ಭಾನುವಾರ ಮಧ್ಯಾಹ್ನ ಸೇರುವುದು ಬಣ್ಣದಂಗಡಿಯ ಮಹಡಿಯ ಮೇಲೆ, ಖಾಲಿ ಡಬ್ಬಗಳ ನಡುವೆ. ಅಂಗಡಿಯ ಸಾಹುಕಾರರೇ ಅಧ್ಯಕ್ಷರು. ಯಜಮಾನರು ಒಬ್ಬರೇ ಹೋಗಲು ಅಂಜಿದ್ದರಿಂದ ಆ ಭಾನುವಾರ ನಾನೂ ಹೋದೆ. ಅಲ್ಲಿ ಹಾಡು ಕೇಳುವುದೆಂದರೆ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದ ಹಾಗೆ. ಒಂದೊಂದು ಹಾಡಿಗೂ ನಿಲ್ಲಿಸಿ ಒಂದೊಂದು ತೀರ್ಪು.

"ಶ್ರುತಿ ಅರ್ಧ ಮನೆ ಇಳಿಸಿದ್ದಾರೆ" ಎಂದರು ಲೆಕ್ಕದ ಮೇಷ್ಟ್ರು. ಬಳಗದಲ್ಲಿ ಅವರ ಮಾತೇ ಕಡೆಯ ಮಾತು.

"ಇಳಿಸಿದ್ರೆ ಏನಾಯ್ತು ಮೇಷ್ಟ್ರೇ? ನಿಮ್ಮ ಪ್ಯಾಂಟೂ ಟೈಲರಮ್ಮ ಇಳಿಸಿಲ್ವಾ?" ಎಂದರು ನರ್ಸಮ್ಮ. ಅವರು ಮೊದಲನೆಯ ಹಾಡಿನಿಂದಲೇ ಅಳುತ್ತಿದ್ದರು. "ನನಗೆ ಈ ದನೀನೇ ಇಷ್ಟ. ಮೊದಲು ಬರೀ ಹಾಡಿತ್ತು, ಈಗ ಬದುಕೂ ಸೇರ್ಕೊಂಡಿದೆ."

"ಬದುಕು ಸೇರ್ಕೊಳ್ಲಿ, ಕೆಮ್ಮು ಸೇರ್ಕೋಬಾರ್ದು. ನಾಲ್ಕನೇ ಹಾಡಲ್ಲಿ ಕೇಳಿ."

"ಅದೆಲ್ಲ ಬಿಡ್ರಪ್ಪ. ಇದನ್ನ ಕೇಳಿ, ಇದನ್ನ!" ಎಂದರು ಸಾಹುಕಾರರು. ಎರಡನೇ ಹಾಡಿನ ಕೊನೆಗೆ ಚಪ್ಪಾಳೆಯ ನಡುವೆ ಉದ್ದನೆಯ ಶಿಳ್ಳೆಯೊಂದಿತ್ತು. ಸಾಹುಕಾರರದ್ದು. ಅದನ್ನು ಕತ್ತರಿಸಿ ಅವರು ಫೋನಿನ ರಿಂಗಾಗಿ ಇಟ್ಟುಕೊಂಡಿದ್ದರು. ಆಗಾಗ ಯಾರಾದರೂ ಫೋನು ಮಾಡಿದರೆ ಎಲ್ಲರಿಗೂ ಕೇಳಿಸಲಿ ಎಂದು ಸ್ವಲ್ಪ ತಡೆದೇ ಎತ್ತುತ್ತಿದ್ದರು.

ಮೂರನೇ ಚರಣ ಬಂದಾಗ ಮಹಡಿ ಗಪ್‌ಚಿಪ್. ಯಜಮಾನರ ದನಿ ಬಂತು. ನನಗೇ ಗಾಬರಿಯಾಯಿತು. ಅವತ್ತು ಪಕ್ಕದಲ್ಲಿ ಕೂತು ಕೇಳಿದ್ದಕ್ಕಿಂತ ದೊಡ್ಡದಾಗಿ, ಅಕ್ಕನ ತಲೆಯ ಮೇಲೇ ಹತ್ತಿ ಕೂತ ಹಾಗಿತ್ತು. ಪುಣ್ಯಕ್ಕೆ ಹಾಡಿನ ದನಿ, ಮಾತಿನ ದನಿಯಲ್ಲ. ಯಾರಿಗೂ ಗುರುತು ಸಿಗಲಿಲ್ಲ.

"ಅಕ್ಕ ಬೇಕಂತಲೇ ಕಾಯಿಸಿದ್ದು" ಎಂದರು ಮೇಷ್ಟ್ರು, ಹಲ್ಲು ಕಡಿದು. "ಒಂದು ಸುತ್ತು ಬಿಟ್ಟು, ಕೇಳೋರ ಎದೆ ಖಾಲಿ ಮಾಡಿ ಆಮೇಲೆ ತುಂಬೋರಿದ್ರು. ನಲವತ್ತು ವರ್ಷದಲ್ಲಿ ಮೊದಲ ಸಲ ಹಾಗೆ ಮಾಡಿದ್ರು. ಆ ಅವಿವೇಕಿ ಹೋಗಿ ಅದರೊಳಗೆ ಕಾಲಿಟ್ಟ."

ಕೊನೆಗೆ ತೀರ್ಮಾನವಾಯಿತು. ರೆಕಾರ್ಡಿಂಗ್ ಕಂಪನಿಗೆ ಬಳಗದ ಪರವಾಗಿ ಹೇಳುವುದು. ಆ ದನಿಯನ್ನು ತೆಗೆದು, ಹಾಡನ್ನು ಶುದ್ಧ ಮಾಡಿ ಮತ್ತೆ ಬಿಡುಗಡೆ ಮಾಡಲಿ. ಮುಂದಿನ ಭಾನುವಾರ ಎಲ್ಲರೂ ಸೇರಿ ಕಂಪನಿಗೆ ಹೋಗುವುದು. "ಏನಂತೀರಿ ಕಂಡಕ್ಟ್ರೇ?" ಎಂದರು ಸಾಹುಕಾರರು. ಯಜಮಾನರು ತಲೆ ಅಲ್ಲಾಡಿಸಿದರು. ಆ ಅಲ್ಲಾಟ ಹೌದೋ ಅಲ್ಲವೋ ಅವರಿಗೇ ಗೊತ್ತಿರಲಿಲ್ಲ.

ಮೆಟ್ಟಿಲು ಇಳಿಯುತ್ತಾ ನಾನು ಸಮಾಧಾನ ಮಾಡಿದೆ, "ಒಳ್ಳೇದೇ ಆಯ್ತು ಬಿಡಿ. ನಿಮ್ಮ ದನಿ ಹೋದರೆ ಬೈಗುಳವೂ ಹೋಗುತ್ತೆ."

ಅವರು ಅಲ್ಲೇ ನಿಂತರು. "ನೀನು ಹೊಲಿಗೆಯವಳು ಕಣೇ. ತೇಪೆ ಕಿತ್ತರೆ ಏನು ಕಾಣುತ್ತೆ?"

ಆಮೇಲೆ ನನಗೂ ಆ ರಾತ್ರಿ ಊಟ ಸೇರಲಿಲ್ಲ.

ಮರುದಿನ ಬೆಳಗ್ಗೆಯೇ ಕಂಪನಿಗೆ ಹೋದೆವು. ಮೂರು ಮಹಡಿಯ ಕಟ್ಟಡದ ಹಿಂಬದಿಯಲ್ಲಿ ಕಿಟಕಿಯಿಲ್ಲದ ಕೋಣೆ, ಗೋಡೆಗೆಲ್ಲ ಸ್ಪಂಜು ಅಂಟಿಸಿದ್ದರು. ಕಿವಿಗೆ ದೊಡ್ಡ ಹೆಡ್‌ಫೋನ್ ಹಾಕಿಕೊಂಡು ಒಬ್ಬ ಹೆಣ್ಣುಮಗಳು ಕೂತಿದ್ದಳು. ಧ್ವನಿ ಹೊಂದಿಸುವವಳು ಅವಳೇ. ಯಜಮಾನರು ಬಾಯಿ ತೆಗೆದು ನಮಸ್ಕಾರ ಅಂದದ್ದಷ್ಟೇ, ಅವಳು ಹೆಡ್‌ಫೋನ್ ಕೆಳಗಿಟ್ಟಳು.

"ನೀವಾ! ತಿಂಗಳಾನುಗಟ್ಟಲೆ ನಿಮ್ಮ ದನಿ ಜೊತೆಗೇ ಇದ್ದೀನಿ ಸಾರ್ ನಾನು. ಕೂತ್ಕೊಳ್ಳಿ."

ಕೂರಿಸಿ, ಕೇಳದೆಯೇ ತೋರಿಸಿದಳು. ಅಕ್ಕನ ಮೈಕು ಒಂದು ಗೆರೆ, ವಾದ್ಯಗಳದ್ದು ಬೇರೆ ಬೇರೆ ಗೆರೆ, ಸಭಾಂಗಣದಲ್ಲಿ ಜನರ ಕಡೆಗೆ ಇಟ್ಟಿದ್ದ ಮೈಕುಗಳದ್ದು ಇನ್ನೊಂದು ಗೆರೆ. ಉಳಿದದ್ದನ್ನೆಲ್ಲ ಮುಚ್ಚಿ ಅಕ್ಕನ ಗೆರೆ ಒಂದನ್ನೇ ಕೇಳಿಸಿದಳು. ಉಸಿರು ಎಳೆದುಕೊಂಡದ್ದು ಕೇಳಿಸಿತು. ನಾಲಿಗೆ ಲೊಚ್ಚೆಂದದ್ದು ಕೇಳಿಸಿತು. ಆಮೇಲೆ ಬಹಳ ಸಣ್ಣಗೆ, ತನಗೆ ತಾನೇ ಅಂದುಕೊಂಡ ಹಾಗೆ, "ಏನದು... ಏನದು..."

ಅಷ್ಟು ದೊಡ್ಡ ದನಿ ಅಷ್ಟು ಚಿಕ್ಕದಾದದ್ದನ್ನು ಕೇಳಬಾರದಿತ್ತು. ಯಜಮಾನರು ಎರಡೂ ಕೈಯಿಂದ ಮೊಣಕಾಲು ಹಿಡಿದುಕೊಂಡರು.

"ಇದು ಕೇಳಿಸಬಾರ್ದು ಅಂತಲೇ ನಿಮ್ಮ ದನೀನ ನಾನು ಏರಿಸಿದ್ದು" ಎಂದಳು ಅವಳು. "ಅಭಿಮಾನಿ ಜೊತೆಗೆ ಹಾಡ್ತಿದ್ದಾರೆ ಅಂದ್ಕೊಂಡು ಜನ ಖುಷಿಪಡ್ತಾರೆ ಅಂದ್ಕೊಂಡೆ. ಹೀಗೆ ಉಗೀತಾರೆ ಅಂತ ನನಗೇನು ಗೊತ್ತು ಸಾರ್?"

"ಹಳೇ ರೆಕಾರ್ಡಿನಿಂದ ಆ ಸಾಲು ತಂದು ಅಂಟಿಸೋಕಾಗಲ್ವೇನಮ್ಮ?" ಎಂದು ಕೇಳಿದೆ ನಾನು.

"ಅಂಟಿಸಬಹುದು ಅಮ್ಮಾ. ನಿಮ್ಮ ಬಳಗದವರು ಕಂಡುಹಿಡಿಯಲ್ವಾ?"

"ಮೊದಲನೇ ಉಸಿರಲ್ಲೇ" ಎಂದರು ಯಜಮಾನರು.

"ಒಂದೇ ಜಾಗದಲ್ಲಿ ಮುಚ್ಚಿದ್ರೆ ಕತ್ತರಿಸಿದ್ದು ಗೊತ್ತಾಗುತ್ತೆ. ಜನರ ಮೈಕು ಪೂರ್ತಿ ಮುಚ್ಚಿದ್ರೆ ನಿಮ್ಮ ದನಿ ಹೋಗುತ್ತೆ, ಅದರ ಜೊತೆ ಚಪ್ಪಾಳೆ, ಕೇಕೆ, ಶಿಳ್ಳೆ ಎಲ್ಲಾ ಹೋಗುತ್ತೆ. ಉಳಿಯೋದು ಇದೇ, ಅಕ್ಕನ ಗೆರೆಯಲ್ಲಿ ಅಳಿಸಿದ್ರೂ ವಾದ್ಯದ ಮೈಕುಗಳಲ್ಲಿ ಸೇರ್ಕೊಂಡಿದೆ. ನಾನಾಗಿ ಕೈ ಹಚ್ಚಲ್ಲ. ಆದರೆ ನಮ್ಮಲ್ಲಿ ಅತೀ ಹೆಚ್ಚು ಕೊಳ್ಳೋರು ನಿಮ್ಮ ಬಳಗದವರೇ. ಅವರು ಬಂದು ಹಟ ಹಿಡಿದ್ರೆ ಮೇಲಿನವರು ನನ್ನ ಮಾತು ಕೇಳಲ್ಲ."

ಆ ವಾರ ಯಜಮಾನರು ಗುಂಡಿ ಬಿಚ್ಚಲು ಹೋಗಿ ಬಟ್ಟೆಯನ್ನೇ ಎರಡು ಕಡೆ ಕತ್ತರಿಸಿದರು. ನಾನು ಬಯ್ಯಲಿಲ್ಲ. ಭಾನುವಾರ ಏನು ಮಾಡುತ್ತೀರಿ ಎಂದು ಕೇಳಿದರೆ, "ನಾನೇ ಹಾಡಿದ್ದು ಅಂತ ಒಪ್ಕೋತೀನಿ. ನನ್ನ ದನಿ ಉಳೀಲಿ, ನನಗೆ ಆಸೆ ಅಂತೀನಿ" ಎಂದರು.

"ಮೀಸೆ ಹಣ್ಣಾದ ಮೇಲೆ ಹೆಸರಿನ ಹುಚ್ಚು ಅಂತ ಆಡ್ಕೋತಾರೆ."

"ಆಡ್ಕೊಳ್ಲಿ."

"ಬಳಗದಿಂದಲೇ ಹೊರಗೆ ಹಾಕಿದ್ರೆ?"

ಅವರು ಕತ್ತರಿ ಎತ್ತಿಕೊಂಡು ಇನ್ನೊಂದು ಗುಂಡಿಗೆ ಕೈ ಹಾಕಿದರು. ಮಕ್ಕಳಿಲ್ಲದ ಮನೆ ನಮ್ಮದು. ನಿವೃತ್ತಿಯಾದ ಮೇಲೆ ಅವರನ್ನು ಬನ್ನಿ ಕಂಡಕ್ಟ್ರೇ, ಕೂತ್ಕೊಳ್ಳಿ ಎನ್ನುವ ಜಾಗ ಭೂಮಿಯ ಮೇಲೆ ಅದೊಂದೇ. ಇಬ್ಬರಿಗೂ ಅದು ಗೊತ್ತಿತ್ತು.

ಶನಿವಾರ ರೇಡಿಯೋದಲ್ಲಿ ಅಕ್ಕನ ಮಾತುಕತೆ ಬಂತು. ಅಂಗಡಿಯಲ್ಲಿ ಯಂತ್ರ ನಿಲ್ಲಿಸಿ ಕೇಳಿದೆವು. ಅಡುಗೆ, ಮೊಮ್ಮಕ್ಕಳು, ಹಳೇ ದಿನಗಳು ಎಲ್ಲ ಆಯಿತು. ಮಾತಾಡಿಸುವವನು ಕೊನೆಗೆ ಆ ದನಿಯ ಬಗ್ಗೆ ಕೇಳಿದ. ಅಕ್ಕ ನಕ್ಕರು.

"ಪಾಪ, ಯಾರೋ ಅಭಿಮಾನಿ. ತಡ್ಕೊಳ್ಳೋಕಾಗದೆ ನನಗಿಂತ ಮುಂಚೆ ಹಾಡಿಬಿಟ್ರು. ಸ್ವಲ್ಪ ಬೇಜಾರಾಯ್ತು ನನಗೂ. ಹಾಡೋರನ್ನ ಹಾಡೋಕೆ ಬಿಡಬೇಕು ಅಲ್ವಾ?"

ನನ್ನ ಮೈಯೆಲ್ಲ ಉರಿದುಹೋಯಿತು. ರೇಡಿಯೋ ಆರಿಸಿದೆ. "ಕೇಳಿದ್ರಾ? ಮುಳುಗೋಳಿಗೆ ಕೈ ಕೊಟ್ರೆ ನನ್ನ ಬಳೆ ಒಡೆದೆ ಅಂತಾಳೆ! ನಾಳೆ ನೀವು ಸುಮ್ಮನಿರಿ, ನಾನು ಮಾತಾಡ್ತೀನಿ. ಎಲ್ಲಾ ಹೇಳ್ತೀನಿ. ಕಂಪನಿಗೆ ಕರ್ಕೊಂಡು ಹೋಗಿ ಆ 'ಏನದು' ಕೇಳಿಸ್ತೀನಿ. ನಿಮ್ಮ ಮಾನಕ್ಕಿಂತ ಅವಳ ಮಾನ ದೊಡ್ಡದಾ?"

ಯಜಮಾನರು ಎದ್ದು ಹೊರಗೆ ಹೋಗಿ ಬೀದಿಯ ಕಡೆ ಮುಖ ಮಾಡಿ ನಿಂತರು. ನಾನು ಹೇಳಿದ್ದು ಸುಮ್ಮನೆ ಅಲ್ಲ. ಮರುದಿನ ಹೇಳಿಯೇ ಬಿಡುವುದೆಂದು ಒಳ್ಳೆ ಸೀರೆ ಉಟ್ಟುಕೊಂಡೇ ಹೊರಟೆ.

ಬಣ್ಣದಂಗಡಿಯ ಮೆಟ್ಟಿಲ ಬುಡದಲ್ಲಿ ಅವರು ನನ್ನ ತೋಳು ಹಿಡಿದು ನಿಲ್ಲಿಸಿದರು.

"ಅವರು ಸುಳ್ಳು ಹೇಳಿಲ್ಲ ಕಣೇ."

"ಮತ್ತೆ ನಿಜ ಹೇಳಿದ್ರಾ?"

"ಬಸ್ಸಲ್ಲಿ ಎಷ್ಟು ಜನರನ್ನ ಹಿಡಿದಿದ್ದೀನಿ ನಾನು. ಟಿಕೆಟ್ ತಗೊಳ್ದೇ ಇರೋನು ಜೋರಾಗಿ ಮಾತಾಡ್ತಾ ಜೇಬೆಲ್ಲ ತಡಕ್ತಾನೆ. ತಗೊಂಡು ಕಳ್ಕೊಂಡಿರೋನು ಕಿಟಕಿ ನೋಡ್ತಾ ಹಾಯಾಗಿ ಕೂತಿರ್ತಾನೆ. ಕಳೆದಿದೆ ಅಂತಾನೇ ಅವನಿಗೆ ಗೊತ್ತಿರಲ್ಲ." ಅವರು ನನ್ನ ತೋಳು ಬಿಟ್ಟರು. "ಅಕ್ಕನ ದನಿ ಎರಡನೇದು. ಇಷ್ಟು ವರ್ಷ ಆ ದನಿ ಕೇಳಿದ್ದೀನಿ, ನನಗೆ ಗೊತ್ತಾಗಲ್ವಾ? ಮರೆತದ್ದೇ ಮರೆತುಹೋಗಿದೆ ಅವರಿಗೆ."

ಮೇಲಿನಿಂದ ಸಾಹುಕಾರರ ಶಿಳ್ಳೆ ಕೇಳಿಸಿತು. ಯಾರದೋ ಫೋನು ಬಂದಿತ್ತು. ನಾನು ಮೆಟ್ಟಿಲು ಹತ್ತಿದೆ. ಒಂದೊಂದು ಮೆಟ್ಟಿಲಿಗೂ ಒಂದಿಷ್ಟು ಸಿಟ್ಟು ಇಳಿಯಿತು. ನನ್ನ ಅಮ್ಮ ಕೊನೆಗಾಲದಲ್ಲಿ ನನ್ನನ್ನೇ, ನೀನು ಯಾರ ಮಗಳಮ್ಮಾ ಎಂದು ಕೇಳಿದ್ದಳು. ಎಷ್ಟು ಪ್ರೀತಿಯಿಂದ ಕೇಳಿದ್ದಳೆಂದರೆ ನಾನು ಸುಮ್ಮನೆ ಪಕ್ಕದ ಮನೆಯವಳು ಎಂದಿದ್ದೆ.

ಮಹಡಿಯಲ್ಲಿ ಎಲ್ಲರೂ ಕಂಪನಿಗೆ ಹೊರಡಲು ಸಿದ್ಧವಾಗಿದ್ದರು. ಯಜಮಾನರು ಬಾಗಿಲಲ್ಲೇ ನಿಂತು ಹೇಳಿಬಿಟ್ಟರು.

"ಆ ದನಿ ನನ್ನದು."

ಎಲ್ಲರೂ ಒಟ್ಟಿಗೇ ದನಿ ಎತ್ತಿದರು.

"ನೀವಾ ಕಂಡಕ್ಟ್ರೇ? ಹೋದ ವಾರ ನಮ್ಮ ಜೊತೆ ಕೂತು ತಲೆ ಅಲ್ಲಾಡಿಸಿದ್ರಲ್ರೀ!"

"ಅಕ್ಕನೇ ರೇಡಿಯೋದಲ್ಲಿ ಬೇಜಾರು ಅಂದ್ರು. ಕೇಳಿದ್ರಾ?" ಇದು ನರ್ಸಮ್ಮ. ಅವರೂ ಹಾಗಂದದ್ದು ಯಜಮಾನರಿಗೆ ಬಹಳ ತಾಗಿತು.

"ಕೇಳಿದೆ. ಆದರೂ ಅದು ಹಾಗೇ ಇರಲಿ ಅಂತ ನನ್ನ ಆಸೆ. ಅಕ್ಕನ ಪಕ್ಕ ನನ್ನದೊಂದು ಸಾಲು... ಇರಲಿ ಬಿಡಿ."

ಮೇಷ್ಟ್ರು ನಕ್ಕರು. ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು. "ಆನೆ ಹೋದ ದಾರೀಲಿ ಇರುವೆಗೂ ಹೆಜ್ಜೆ ಗುರುತು ಬೇಕಂತೆ! ಇವತ್ತೇ ತೆಗೆಸೋಣ. ನಡೀರಿ."

ಎಲ್ಲರೂ ಎದ್ದರು. ಯಜಮಾನರು ನನ್ನ ಕಡೆ ನೋಡಿದರು. ಹೇಳಬೇಡ ಎನ್ನುವ ನೋಟವೋ, ಏನಾದರೂ ಮಾಡು ಎನ್ನುವ ನೋಟವೋ ತಿಳಿಯಲಿಲ್ಲ. ನಿಜ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಆಗ ಸಾಹುಕಾರರ ಫೋನು ಮತ್ತೊಮ್ಮೆ ಶಿಳ್ಳೆ ಹಾಕಿತು.

"ಹೋಗಿ ಸಾಹುಕಾರ್ರೇ, ಖಂಡಿತ ಹೋಗಿ" ಎಂದೆ. "ನಾನೂ ಕಂಪನಿಯಲ್ಲಿ ವಿಚಾರಿಸಿದ್ದೀನಿ. ಇವರ ದನಿ ತೆಗೀಬೇಕಾದ್ರೆ ಜನರ ಕಡೆ ಇಟ್ಟಿರೋ ಮೈಕೇ ಮುಚ್ಚಬೇಕಂತೆ. ನಿಮ್ಮ ಶಿಳ್ಳೆ ಹೋಗುತ್ತೆ. ನರ್ಸಮ್ಮ ಬಿಕ್ಕೋದು ಕೇಳುತ್ತಲ್ಲ, ಅದೂ ಹೋಗುತ್ತೆ. ಮೇಷ್ಟ್ರು ಐದನೇ ಹಾಡಿಗೆ ಭಲೇ ಅಂದಿದ್ದಾರೆ, ಅದಂತೂ ಎಷ್ಟು ಚೆನ್ನಾಗಿ ಕೇಳುತ್ತೆ! ಹೋಗ್ಲಿ ಬಿಡಿ. ಈ ಒಬ್ಬ ಮನುಷ್ಯನ ಬಾಯಿ ಮುಚ್ಚಿಸೋಕೆ ಅಷ್ಟು ತ್ಯಾಗ ಮಾಡ್ಲೇಬೇಕು."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು.

"ಭಲೇ ಅನ್ನೋದು... ಕೇಳುತ್ತಾ ಅದು?"

"ಅಯ್ಯೋ, ಗಂಟೆ ಹೊಡೆದ ಹಾಗೆ."

ಸಾಹುಕಾರರು ಕುರ್ಚಿಯ ಮೇಲೆ ಮತ್ತೆ ಕೂತರು. "ಅಲ್ಲಾ, ಲೈವ್ ಅಂದ್ಮೇಲೆ ಜನರ ಸದ್ದು ಇರ್ಬೇಕು. ಅದೇ ಅದರ ಜೀವ. ಅಲ್ವಾ ಮೇಷ್ಟ್ರೇ?"

"ಹೂಂ. ತಾತ್ವಿಕವಾಗಿ ನೋಡಿದ್ರೆ ಹೌದು" ಎಂದರು ಮೇಷ್ಟ್ರು.

ಹೀಗೆ ದನಿ ಉಳಿಯಿತು. ಆದರೆ ಉಳಿಸಿಕೊಟ್ಟವರಿಗೆ ತಮ್ಮ ನ್ಯಾಯವೂ ಉಳಿಯಬೇಕಲ್ಲ? ಮುಂದಿನ ತಿಂಗಳು ಅಕ್ಕನ ಇನ್ನೊಂದು ಕಛೇರಿಯಿತ್ತು, ಜಾಗ ಹಂಚುವುದು ಸಾಹುಕಾರರ ಕೈಯಲ್ಲಿ. ಕಂಡಕ್ಟರು ಇನ್ನು ಮೇಲೆ ಕೊನೆಯ ಸಾಲಿನಲ್ಲಿ, ಬಾಲ್ಕನಿಯ ಕೆಳಗೆ ಕೂರಬೇಕೆಂದು ಮೇಷ್ಟ್ರು ಹೇಳಿದರು, ಎಲ್ಲರೂ ಒಪ್ಪಿದರು. ನನ್ನ ಬಗ್ಗೆ ಮಾತ್ರ ಸಾಹುಕಾರರಿಗೆ ಪ್ರೀತಿ ಬಂದಿತ್ತು. "ಟೈಲರಮ್ಮ ನಮ್ಮ ಜೊತೆ ಮೊದಲನೇ ಸಾಲಿನಲ್ಲಿ. ಪಾಪ, ಅವರದ್ದೇನು ತಪ್ಪು?"

ಮನೆಗೆ ಬರುವ ದಾರಿಯಲ್ಲಿ ಯಜಮಾನರು ತಲೆ ತಗ್ಗಿಸಿಕೊಂಡೇ ನಡೆದರು. ಅವಮಾನಕ್ಕೆ ಎಂದುಕೊಂಡು ನಾನು ಏನೇನೋ ಜೋಕು ಹೇಳಿದೆ. ನಮ್ಮ ಅಂಗಡಿಯ ಬಾಗಿಲು ತೆಗೆಯುವಾಗ ಹೇಳಿದರು,

"ಬಾಲ್ಕನಿ ಕೆಳಗಿನಿಂದ ವೇದಿಕೆಗೆ ನನ್ನ ದನಿ ಮುಟ್ಟಲ್ಲ ಕಣೇ."

ನನಗೆ ಆಗ ಹೊಳೆಯಿತು. ಅವರ ಕಣ್ಣ ಮುಂದೆ ಇದ್ದದ್ದು ಮೇಷ್ಟ್ರ ನಗುವಲ್ಲ. ಶಾಲಿನ ಅಂಚು ಸುತ್ತುತ್ತಿರುವ ಆ ಕೈ.

ಅವತ್ತಿನಿಂದ ಅಂಗಡಿಯಲ್ಲಿ ಹೊಸ ಕೆಲಸ ಶುರುವಾಗಿದೆ. ಮೊದಲನೇ ಸಾಲಿನಲ್ಲಿ ಕೂರುವವಳು ನಾನಲ್ಲವೇ? ನಾನು ಯಂತ್ರ ತುಳಿಯುತ್ತಿರುತ್ತೇನೆ, ಯಜಮಾನರು ಎದುರು ಕೂತು ಸಾಲು ಹೇಳಿಕೊಡುತ್ತಾರೆ. ಯಾವ ಹಾಡಿನ ಯಾವ ಸಾಲು ಯಾವಾಗ ಜಾರುತ್ತದೋ ಯಾರಿಗೆ ಗೊತ್ತು? ಹಾಗಾಗಿ ಎಲ್ಲವನ್ನೂ ಕಲಿಯಬೇಕು. ನನ್ನ ತಲೆಯೋ ಅಳತೆ ಬಿಟ್ಟು ಬೇರೆ ಏನನ್ನೂ ಹಿಡಿದಿಟ್ಟುಕೊಂಡದ್ದಲ್ಲ. ಒಂದು ಹಾಡಿನ ಎರಡನೇ ಚರಣವನ್ನು ಇನ್ನೊಂದರ ಬಾಲಕ್ಕೆ ಹೊಲಿದುಬಿಡುತ್ತೇನೆ. ಅವರು ತಲೆ ಚಚ್ಚಿಕೊಳ್ಳುತ್ತಾರೆ.

"ತಿರುವು ದಾಟಿದ ಮೇಲೆ..." ಎಂದು ಎಳೆದೆ ನಿನ್ನೆ.

"ಎಳೀಬೇಡ. ಹಾಡಲೇಬೇಡ, ನಿನ್ನ ದಮ್ಮಯ್ಯ. ಬರೀ ಹೇಳು. ಪದ ಕೈಗೆ ಸಿಕ್ಕರೆ ಸಾಕು, ರಾಗ ಅವರೇ ಹಿಡ್ಕೋತಾರೆ."

"ಆಮೇಲೆ ಊರೆಲ್ಲ ನನ್ನನ್ನ ಕತ್ತೆ ಅನ್ನುತ್ತೆ."

"ಗಂಡ ಹೆಂಡತಿ ಜೋಡಿ ಸರಿಹೋಯ್ತು ಅಂತಾರೆ ಬಿಡು."

ಎಷ್ಟೋ ದಿನಗಳ ಮೇಲೆ ಅವರ ಬಾಯಿಂದ ಬಂದ ಜೋಕು. ಆದರೆ ಮುಖ ನಗಲಿಲ್ಲ. ಅಷ್ಟರಲ್ಲಿ ಪ್ಯಾಂಟು ಕೊಟ್ಟಿದ್ದ ಗಿರಾಕಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, "ಏನು ಟೈಲರಮ್ಮ, ನೀವೂ ಅವರ ಅಭಿಮಾನಿನಾ?" ಎಂದ.

"ಅಯ್ಯೋ, ನನಗ್ಯಾಕಪ್ಪ ಅದೆಲ್ಲ" ಎಂದು ಪ್ಯಾಂಟು ಮಡಚಿ ಕೊಟ್ಟು ಕಳಿಸಿದೆ.

ಅವನು ಬೀದಿಗೆ ಇಳಿದ ಮೇಲೆ ಯಜಮಾನರು ಸೂಜಿ ಕೆಳಗಿಟ್ಟರು.

"ಯಂತ್ರ ನಿಲ್ಲಿಸಿ ಹೇಳು ಈ ಸಲ. ಅವರು ಉಸಿರು ತಗೊಂಡ್ರು ಅಂದ್ಕೋ. ವಾದ್ಯದವರು ಇನ್ನೊಂದು ಸುತ್ತು ಶುರು ಮಾಡಿದ್ರು. ಅವರ ಕೈ ನೋಡ್ತಾ ಇರು."

ನಾನು ಯಂತ್ರ ನಿಲ್ಲಿಸಿದೆ. ಕಾಲನ್ನು ಪೆಡಲಿನಿಂದ ಇಳಿಸಿ, ಎಳೆಯದೆ, ಬರೀ ಹೇಳಿದೆ, "ತಿರುವು ದಾಟಿದ ಮೇಲೆ ನೆನಪಾಯಿತು ನನಗೆ."